ಇಡೀ ದಾರಿಗೆ ಯಾರು ಹೊಣೆ? ಅಧಿಕಾರದಲ್ಲಿ ಇರುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಾನೂನು ಮಾಡುವವರು, ಬಜೆಟ್ ಹಂಚುವವರು, ರಸ್ತೆ ಮತ್ತು ಕಟ್ಟಡದ ನಕ್ಷೆಗೆ ಸಹಿ ಹಾಕುವವರು, ಶಾಲೆ ಆಸ್ಪತ್ರೆ ನಡೆಸುವವರು, ಕೌಂಟರಿನ ಆ ಕಡೆ ಕೂರುವವರು, ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆಯಬಹುದಿತ್ತು. ಹಾಗೆ ಬರೆದಾಗಲೆಲ್ಲ ಬಂದ ಉತ್ತರ ಒಂದೇ: "ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ." ಅದಕ್ಕೇ ಈ ಸಲ ಎಲ್ಲರಿಗೂ ಒಟ್ಟಿಗೆ.

ನಾನು ವ್ಹೀಲ್‌ಚೇರ್ ಬಳಸುತ್ತೇನೆ. ನನ್ನ ಗೆಳೆಯರಲ್ಲಿ ಕಣ್ಣು ಕಾಣದವರಿದ್ದಾರೆ, ಕಿವಿ ಕೇಳದವರಿದ್ದಾರೆ, ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳನ್ನು ಬೆಳೆಸುತ್ತಿರುವ ತಾಯಂದಿರಿದ್ದಾರೆ. ನಮ್ಮ ಕಷ್ಟಗಳು ಒಂದೇ ಥರ ಇಲ್ಲ. ಆದರೂ ನಾವು ಸೇರಿ ಮಾತಾಡುವಾಗ ಮಾತು ಕೊನೆಗೆ ಒಂದೇ ಜಾಗಕ್ಕೆ ಬರುತ್ತದೆ. ಸೌಲಭ್ಯ ಇದೆ, ಅಲ್ಲಿಗೆ ತಲುಪುವ ದಾರಿ ಇಲ್ಲ. ದಾರಿ ಇದ್ದರೂ ನಡುವೆ ಎಲ್ಲೋ ಕಡಿದು ಹೋಗಿದೆ.

ತೀರಾ ಸಾಮಾನ್ಯವಾದ ಒಂದು ಕೆಲಸವನ್ನೇ ತೆಗೆದುಕೊಳ್ಳಿ. ವೈದ್ಯರನ್ನು ನೋಡಿ ಬರಬೇಕು, ಅಷ್ಟೇ. ನಾನು ಮನೆಯ ಹೊಸ್ತಿಲು ದಾಟಬೇಕು. ಫುಟ್‌ಪಾತ್ ಮೇಲೆ ಗಾಲಿ ಉರುಳಬೇಕು, ಅದು ಮುಗಿಯುವ ಕಡೆ ಇಳಿಜಾರು ಇರಬೇಕು. ಬಸ್ಸಿಗೆ ಹತ್ತುವಂತಿರಬೇಕು. ಆಸ್ಪತ್ರೆಯ ಮುಂದೆ ರ್ಯಾಂಪ್ ಬೇಕು, ಬಾಗಿಲು ಅಗಲ ಇರಬೇಕು, ಚೀಟಿ ಬರೆಸುವ ಕೌಂಟರ್ ನನ್ನ ತಲೆಗಿಂತ ಎತ್ತರ ಇರಬಾರದು. ಲಿಫ್ಟ್ ಕೆಟ್ಟು ನಿಂತಿರಬಾರದು. ಪರೀಕ್ಷೆ ಮಾಡುವ ಮಂಚ ಕೆಳಗೆ ಇಳಿಯುವಂತಿರಬೇಕು. ನಡುವೆ ಎಲ್ಲಾದರೂ ಒಂದು ಕಡೆ, ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯ ಇರಬೇಕು. ಆಮೇಲೆ ಇಷ್ಟೆಲ್ಲವನ್ನೂ ದಾಟಿ ವಾಪಸ್ ಬರಬೇಕು.

ಇದರಲ್ಲಿ ಒಂದೊಂದಕ್ಕೂ ಒಬ್ಬೊಬ್ಬರು ಅಧಿಕಾರಿ ಇದ್ದಾರೆ. ರಸ್ತೆಗೆ ಒಬ್ಬರು, ಬಸ್ಸಿಗೆ ಒಬ್ಬರು, ಕಟ್ಟಡಕ್ಕೆ ಒಬ್ಬರು, ಕಟ್ಟಡದ ಒಳಗಿನ ಸಾಮಾನಿಗೆ ಇನ್ನೊಬ್ಬರು. ಎಲ್ಲರೂ ತಮ್ಮ ಪಾಲಿನ ಕೆಲಸ ಮುಗಿಯಿತು ಎಂದು ವರದಿ ಕೊಡಬಹುದು. ವರದಿ ಸುಳ್ಳೂ ಅಲ್ಲ. ಆದರೂ ನಾನು ಮನೆಯಲ್ಲೇ ಇರುತ್ತೇನೆ. ಸರಪಳಿಯ ಒಂದು ಕೊಂಡಿ ಕಳಚಿದರೆ ಉಳಿದವು ಎಷ್ಟು ಗಟ್ಟಿ ಇದ್ದು ಏನು ಪ್ರಯೋಜನ? ಮನೆಯ ಬಾಗಿಲಿಂದ ಹೊರಟು ಕೆಲಸ ಮುಗಿಸಿ ಮನೆಗೆ ಬರುವವರೆಗಿನ ದಾರಿಯನ್ನು ಪೂರ್ತಿ ನೋಡುವವರು ನಿಮ್ಮಲ್ಲಿ ಯಾರೂ ಇಲ್ಲ. ಈ ಪತ್ರದಲ್ಲಿ ನಾನು ಬೇರೆ ಬೇರೆ ವಿಷಯ ಹೇಳಬಹುದು. ಕೇಳುತ್ತಿರುವುದು ಮಾತ್ರ ಒಂದೇ. ಇಡೀ ದಾರಿಗೆ ಯಾರಾದರೂ ಹೊಣೆ ಹೊರಬೇಕು.

ನಾವು ಎಷ್ಟು ಜನ ಅಂತ ಕೇಳುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ ಗಂಭೀರ ಅಂಗವೈಕಲ್ಯ ಇದೆ. ಆರು ಜನರಲ್ಲಿ ಒಬ್ಬರು. ಈ ಸಂಖ್ಯೆ ಕೇಳಿದಾಗ ತುಂಬಾ ಜನ, "ಅಷ್ಟೊಂದು ಜನ ಹೊರಗೆ ಕಾಣುವುದಿಲ್ಲವಲ್ಲ?" ಅನ್ನುತ್ತಾರೆ. ಕಾಣುವುದು ಹೇಗೆ? ಹೊರಗೆ ಬರಲು ಆಗುವವರು ಮಾತ್ರ ಕಾಣುತ್ತಾರೆ. ಹೊರಗೆ ಕಾಣದ ಕಾರಣಕ್ಕೆ ಬೇಡಿಕೆ ಇಲ್ಲ ಎಂದುಕೊಂಡು ಖರ್ಚು ಕಡಿಮೆ ಮಾಡುತ್ತೀರಿ. ಖರ್ಚು ಕಡಿಮೆಯಾದ ಮೇಲೆ ಇನ್ನಷ್ಟು ಜನ ಒಳಗೇ ಉಳಿಯುತ್ತಾರೆ.

ಎಣಿಸುವ ರೀತಿಯಲ್ಲೂ ಒಂದು ತೊಂದರೆ ಇದೆ. "ನಿಮ್ಮ ಮನೆಯಲ್ಲಿ ಅಂಗವಿಕಲರು ಇದ್ದಾರಾ?" ಎಂದು ಬಾಗಿಲಲ್ಲಿ ನಿಂತು ಕೇಳಿದರೆ ಹೌದು ಅನ್ನುವವರು ಕಡಿಮೆ. ನಾಚಿಕೆ, ಹೆದರಿಕೆ, ಮಗಳ ಮದುವೆಯ ಯೋಚನೆ, ಏನೇನೋ ಇರುತ್ತದೆ. ವಯಸ್ಸಾಗಿ ಮೊಣಕಾಲು ಹೋದವರಂತೂ ತಮ್ಮನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳುವುದೇ ಇಲ್ಲ. ಅದಕ್ಕೇ 2001ರಲ್ಲಿ ವಿಶ್ವಸಂಸ್ಥೆಯ ಅಡಿಯಲ್ಲಿ ಶುರುವಾದ ವಾಷಿಂಗ್ಟನ್ ಗುಂಪು ಆರು ಸರಳ ಪ್ರಶ್ನೆಗಳನ್ನು ರೂಪಿಸಿತು. ಕನ್ನಡಕ ಹಾಕಿಕೊಂಡರೂ ನೋಡಲು ಕಷ್ಟವೇ? ನಡೆಯಲು, ಮೆಟ್ಟಿಲು ಹತ್ತಲು ಕಷ್ಟವೇ? ನೆನಪಿಡಲು, ಗಮನ ಕೊಡಲು ಕಷ್ಟವೇ? ಹೀಗೆ ಕೇಳಿದಾಗ ಜನ ನಿಜ ಹೇಳುತ್ತಾರೆ. ಯಾರಿಗೆ ಏನು ಬೇಕು ಅನ್ನುವುದೂ ಉತ್ತರದಲ್ಲೇ ಗೊತ್ತಾಗುತ್ತದೆ. ದಯವಿಟ್ಟು ನಿಮ್ಮ ಸಮೀಕ್ಷೆಗಳಲ್ಲಿ ಈ ಪ್ರಶ್ನೆಗಳನ್ನು ಸೇರಿಸಿ.

ಈಗ ರ್ಯಾಂಪ್ ವಿಷಯಕ್ಕೆ ಬರುತ್ತೇನೆ. ನಮ್ಮ ಬಗ್ಗೆ ಮಾತು ಬಂದ ಕೂಡಲೇ ಎಲ್ಲರಿಗೂ ನೆನಪಾಗುವುದು ರ್ಯಾಂಪ್. ಸಂತೋಷ. ಆದರೆ ಅದಕ್ಕೆ ಒಂದು ಅಳತೆ ಇದೆ. ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ, ಇದು ಎಷ್ಟೋ ದೇಶಗಳು ಒಪ್ಪಿಕೊಂಡಿರುವ ಲೆಕ್ಕ. ಮೆಟ್ಟಿಲು 15 ಸೆಂಟಿಮೀಟರ್ ಎತ್ತರ ಇದ್ದರೆ ರ್ಯಾಂಪ್ ಕನಿಷ್ಠ 1.8 ಮೀಟರ್ ಉದ್ದ ಇರಬೇಕು. ಮೂರು ಮೆಟ್ಟಿಲಿದ್ದರೆ ಐದು ಮೀಟರಿಗಿಂತ ಜಾಸ್ತಿ. ಅಷ್ಟು ಜಾಗ ಇಲ್ಲ ಎಂದು ಮೆಟ್ಟಿಲ ಮೇಲೆ ಒಂದಿಷ್ಟು ಸಿಮೆಂಟ್ ಸುರಿದು ಇಳಿಜಾರು ಮಾಡಿರುತ್ತಾರೆ. ಅದರ ಮೇಲೆ ಹತ್ತಲು ಹೋದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಇಳಿಯಲು ಹೋದರೆ ಮುಂದಕ್ಕೆ ಬೀಳುತ್ತೇವೆ. ಮೇಲೆ ಹತ್ತಿದ ಮೇಲೆ ಕುರ್ಚಿ ತಿರುಗಿಸಲು ಒಂದೂವರೆ ಮೀಟರ್ ಸಮತಟ್ಟು ಜಾಗವೂ ಬೇಕು. ಅದಿಲ್ಲದೆ ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಅಲ್ಲಿಗೆ ಮುಗಿಯಿತು. ಕಾಗದದಲ್ಲಿ 'ರ್ಯಾಂಪ್ ಇದೆ' ಎಂದು ಗುರುತು ಬಿದ್ದಿರುತ್ತದೆ.

ಒಂದು ಕಚೇರಿಯಲ್ಲಿ ರ್ಯಾಂಪ್ ಚೆನ್ನಾಗಿಯೇ ಇತ್ತು, ಅಳತೆಯೂ ಸರಿ ಇತ್ತು. ಅದು ಕಟ್ಟಡದ ಹಿಂದೆ, ಯಾವಾಗಲೂ ಬೀಗ ಹಾಕಿರುವ ಬಾಗಿಲಿಗೆ ಹೋಗುತ್ತಿತ್ತು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ರ್ಯಾಂಪ್ ಕಟ್ಟಿಸಿದವರು ದುಡ್ಡು ಖರ್ಚು ಮಾಡಿದ್ದರು, ಮನಸ್ಸೂ ಒಳ್ಳೆಯದೇ ಇತ್ತು. ಬಾಗಿಲು ತೆಗೆದಿಡುವುದು ಯಾರ ಕೆಲಸ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಆ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಕಣ್ಣು ಕಾಣದವರ ದಾರಿಯ ಕಥೆಯೂ ಇಂಥದ್ದೇ. ಫುಟ್‌ಪಾತ್ ಮೇಲೆ, ರೈಲು ನಿಲ್ದಾಣದಲ್ಲಿ ಹಳದಿ ಬಣ್ಣದ ಉಬ್ಬು ಕಲ್ಲಿನ ಪಟ್ಟಿ ನೋಡಿರುತ್ತೀರಿ. ಜಪಾನಿನ ಸೆಯಿಚಿ ಮಿಯಾಕೆ ಎಂಬವರು 1965ರಲ್ಲಿ ಅದನ್ನು ಕಂಡುಹಿಡಿದರು. ದೃಷ್ಟಿ ಕಳೆದುಕೊಳ್ಳುತ್ತಿದ್ದ ಒಬ್ಬ ಗೆಳೆಯನಿಗಾಗಿ ಮಾಡಿದ್ದು. 1967ರ ಮಾರ್ಚ್ 18ರಂದು ಓಕಯಾಮಾ ನಗರದ ಅಂಧರ ಶಾಲೆಯೊಂದರ ಹತ್ತಿರ ಮೊದಲ ಬಾರಿಗೆ ಹಾಸಿದರು. ಈಗ ಜಗತ್ತಿನ ಎಲ್ಲ ಕಡೆ ಇದೆ. ಉದ್ದ ಗೆರೆಗಳ ಕಲ್ಲು ಅಂದರೆ ಮುಂದೆ ನಡೆಯಿರಿ, ಚುಕ್ಕಿಗಳ ಕಲ್ಲು ಅಂದರೆ ನಿಲ್ಲಿ, ಮುಂದೆ ಏನೋ ಇದೆ. ಕಾಲಿನಿಂದ, ಕೋಲಿನಿಂದ ಓದುವ ಬರಹ ಅದು. ಹಾಕುವವರಿಗೆ ಈ ಬರಹ ಓದಲು ಬರದಿದ್ದರೆ ಏನಾಗುತ್ತದೆ? ಚುಕ್ಕಿ ಇರಬೇಕಾದ ಕಡೆ ಗೆರೆ ಬರುತ್ತದೆ. ಪಟ್ಟಿ ನೇರ ಹೋಗಿ ಕಂಬಕ್ಕೆ ತಗಲುತ್ತದೆ. ಅದರ ಮೇಲೆ ಬೈಕ್ ನಿಂತಿರುತ್ತದೆ. ತಪ್ಪಾಗಿ ಹಾಕಿದ ಪಟ್ಟಿ ಪಟ್ಟಿಯೇ ಇಲ್ಲದ್ದಕ್ಕಿಂತ ಅಪಾಯ, ಯಾಕೆಂದರೆ ಜನ ಅದನ್ನು ನಂಬಿ ನಡೆಯುತ್ತಾರೆ.

ಇದೆಲ್ಲ ಸರಿಹೋಗಬೇಕಾದರೆ ಮೊದಲು 'ಮಾಡಿದರೆ ಒಳ್ಳೆಯದು' ಅನ್ನುವ ಮಾತು ಹೋಗಿ 'ಮಾಡಲೇಬೇಕು' ಅನ್ನುವ ಮಾತು ಬರಬೇಕು. ಈ ವಿಷಯದಲ್ಲಿ ಭಾರತದ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಕೊಟ್ಟ ತೀರ್ಪನ್ನು ಎಲ್ಲ ಅಧಿಕಾರಿಗಳೂ ಓದಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸೌಲಭ್ಯಗಳನ್ನು ಕಡ್ಡಾಯ ಅನ್ನುತ್ತದೆ. 2017ರ ನಿಯಮಗಳು ಮಾತ್ರ ಬರೀ ಶಿಫಾರಸಿನ ಥರದ ಮಾರ್ಗಸೂಚಿಗಳತ್ತ ಕೈ ತೋರಿಸಿ ಸುಮ್ಮನಾಗಿದ್ದವು. ರಾಜೀವ್ ರತೂರಿ ಹೂಡಿದ್ದ ಮೊಕದ್ದಮೆಯಲ್ಲಿ ಕೋರ್ಟ್ ಹಾಗೆ ಕೈ ತೋರಿಸಿದ್ದ ಹದಿನೈದನೇ ನಿಯಮದ ಮೊದಲ ಭಾಗವನ್ನೇ ಒಪ್ಪಲಿಲ್ಲ. ಅದು ಮೂಲ ಕಾಯ್ದೆಗೇ ವಿರುದ್ಧ ಎಂದಿತು. ಯಾವುದು ಕಡ್ಡಾಯ ಎಂದು ಬೇರೆ ಮಾಡಿ, ಮೂರು ತಿಂಗಳಲ್ಲಿ ನಿಯಮ ಬರೆಯಿರಿ ಎಂದು ಸರ್ಕಾರಕ್ಕೆ ಹೇಳಿತು. ನನಗೆ ಇದರಲ್ಲಿ ಇಷ್ಟವಾದದ್ದು ಸರಳವಾದ ಒಂದು ವಿಚಾರ. ಹಕ್ಕು ಎಂದು ಒಂದು ಕಡೆ ಬರೆದು, ಇನ್ನೊಂದು ಕಡೆ ನಿಮ್ಮಿಷ್ಟ ಎಂದು ಬರೆಯುವ ಹಾಗಿಲ್ಲ.

ಕಾನೂನು ಬಂದ ಮೇಲೂ ನಿಯಮ ಬರದೆ ಕಾಯುವುದು ನಮಗೆ ಹೊಸದಲ್ಲ. ಅಮೆರಿಕದಲ್ಲಿ 1973ರ ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್, ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಹೊರಗಿಡಬಾರದು ಎಂದು ಹೇಳಿತು. ಅದನ್ನು ಜಾರಿ ಮಾಡುವ ನಿಯಮಕ್ಕೆ ಸಹಿ ಬೀಳದೆ ನಾಲ್ಕು ವರ್ಷ ಕಳೆಯಿತು. 1977ರ ಏಪ್ರಿಲ್‌ನಲ್ಲಿ ಅಂಗವಿಕಲರ ಹಕ್ಕುಗಳ ಹೋರಾಟಗಾರ್ತಿ ಜೂಡಿ ಹ್ಯೂಮನ್ ಮತ್ತು ನೂರಕ್ಕೂ ಹೆಚ್ಚು ಸಂಗಾತಿಗಳು ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ಹೋಗಿ ಕುಳಿತರು. ವಾರಗಟ್ಟಲೆ ಅಲ್ಲೇ ಮಲಗಿದರು. ಅವರಲ್ಲಿ ಕೆಲವರಿಗೆ ರಾತ್ರಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ನೆರವು ಬೇಕಿತ್ತು. ಏಪ್ರಿಲ್ 28ರಂದು ಸಹಿ ಬಿತ್ತು. ಮುಂದೆ 1990ರ ಮಾರ್ಚ್ 12ರಂದು ವಾಷಿಂಗ್ಟನ್‌ನಲ್ಲಿ ಹತ್ತಾರು ಜನ ಕುರ್ಚಿ, ಊರುಗೋಲು ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳುತ್ತ ಹತ್ತಿದರು. ಅದೇ ವರ್ಷ ಜುಲೈ 26ರಂದು ಅಂಗವಿಕಲರ ದೊಡ್ಡ ಹಕ್ಕಿನ ಕಾಯ್ದೆಗೆ ಸಹಿಯಾಯಿತು. ಈ ಹೋರಾಟಗಾರರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಒಂದು ಸಹಿಗಾಗಿ ಜನ ತೆವಳಬೇಕಾಗಿ ಬರಬಾರದಿತ್ತು, ಅಲ್ವಾ? ನಿಮ್ಮ ಮೇಜಿನ ಮೇಲೆ ಇಂಥ ಸಹಿಗೆ ಕಾಯುತ್ತಿರುವ ಕಡತ ಈಗಲೂ ಇರಬಹುದು. ಒಮ್ಮೆ ನೋಡಿ.

ಈಗ ಅರ್ಧ ದಾರಿ ಮೊಬೈಲ್ ಒಳಗೇ ಇದೆ. ಅರ್ಜಿ, ಹಣ, ಟಿಕೆಟ್, ಪರೀಕ್ಷೆಯ ಫಲಿತಾಂಶ ಎಲ್ಲವೂ ಅಲ್ಲೇ. ಇದು ನಮಗೆ ದೊಡ್ಡ ವರವಾಗಬಹುದಿತ್ತು. ಕಣ್ಣು ಕಾಣದ ಗೆಳೆಯರು, ಪರದೆ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸಿ ನನಗಿಂತ ವೇಗವಾಗಿ ಕಂಪ್ಯೂಟರ್ ನಡೆಸುತ್ತಾರೆ. ಆದರೆ ಗುಂಡಿಗೆ ಹೆಸರು ಕೊಡದೆ ಬರೀ ಚಿತ್ರ ಇಟ್ಟರೆ ಸ್ಕ್ರೀನ್ ರೀಡರ್ 'ಬಟನ್, ಬಟನ್, ಬಟನ್' ಎಂದಷ್ಟೇ ಓದುತ್ತದೆ. ಅರ್ಜಿಯ ಹತ್ತು ಪುಟ ತುಂಬಿ ಕೊನೆಗೆ ಬಂದರೆ ಚಿತ್ರದಲ್ಲಿನ ಅಕ್ಷರ ಗುರುತಿಸಿ ಅನ್ನುವ ಕ್ಯಾಪ್ಚಾ. ಅಲ್ಲಿಂದ ಮುಂದೆ ಹೋಗಲು ನೋಡಬಲ್ಲವರೊಬ್ಬರು ಬೇಕು. ಪಾಸ್‌ವರ್ಡನ್ನೂ ಅವರಿಗೇ ಹೇಳಬೇಕು. ಬ್ಯಾಂಕಿನ ವಿಷಯದಲ್ಲಿ ಅದು ಎಷ್ಟು ಅಪಾಯ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಇಲ್ಲೂ ಒಂದು ತೀರ್ಪು ಇದೆ. ಖಾತೆ ತೆರೆಯುವಾಗ ಗುರುತು ಖಚಿತ ಮಾಡಲು ಮೊಬೈಲ್ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳುತ್ತಾರೆ. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟುಹೋದವರು ಹೇಗೆ ಮಿಟುಕಿಸಬೇಕು? ಪ್ರಜ್ಞಾ ಪ್ರಸೂನ್ ಮತ್ತು ಇತರರು ಈ ಪ್ರಶ್ನೆ ತೆಗೆದುಕೊಂಡು ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ಕೋರ್ಟ್, ಡಿಜಿಟಲ್ ಸೇವೆ ತಲುಪುವುದು ಬದುಕುವ ಹಕ್ಕಿನ ಭಾಗ ಎಂದು ಹೇಳಿ ಇಪ್ಪತ್ತು ನಿರ್ದೇಶನ ಕೊಟ್ಟಿತು. ಆ ಆ್ಯಪ್ ಮಾಡಿದವರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇದ್ದಿರಲಾರದು. ಮಾಡುವಾಗ ಬೇರೆ ಬೇರೆ ಥರದ ಜನರಿಗೆ ಕೊಟ್ಟು ನೋಡಿದ್ದರೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು. ಜಾಲತಾಣ ಹೇಗಿರಬೇಕು ಎಂಬ ಅಂತರರಾಷ್ಟ್ರೀಯ ಮಾನದಂಡ 1999ರಿಂದಲೂ ಇದೆ. ಗುತ್ತಿಗೆ ಕೊಡುವಾಗ, ಈ ಮಾನದಂಡ ಪಾಲಿಸದಿದ್ದರೆ ಬಿಲ್ ಪಾಸ್ ಆಗುವುದಿಲ್ಲ ಎಂದು ಬರೆದರೆ ಸಾಕು. ಕೆಲಸ ತಾನಾಗಿ ಸರಿಯಾಗುತ್ತದೆ.

ಇಲ್ಲಿಯವರೆಗೆ ಕಲ್ಲು, ಸಿಮೆಂಟ್, ಆ್ಯಪ್ ಬಗ್ಗೆ ಬರೆದೆ. ನನಗೆ ಇವುಗಳಿಗಿಂತ ಮುಖ್ಯ ಅನಿಸುವ ವಿಷಯ ಮನುಷ್ಯರ ನೆರವು. ಬೆಳಿಗ್ಗೆ ಹಾಸಿಗೆಯಿಂದ ಏಳಲು, ಸ್ನಾನಕ್ಕೆ, ಬಟ್ಟೆ ಹಾಕಿಕೊಳ್ಳಲು ಇನ್ನೊಬ್ಬರು ಬೇಕಾದವರಿಗೆ ರಸ್ತೆ ಎಷ್ಟೇ ಚೆನ್ನಾಗಿದ್ದರೂ ಅದು ಮಂಚದಿಂದ ದೂರವೇ. ಹೆಚ್ಚಿನ ಕಡೆ ಈ ಕೆಲಸವನ್ನು ತಾಯಿ ಮಾಡುತ್ತಾಳೆ, ಇಲ್ಲ ಹೆಂಡತಿ, ಅಕ್ಕ, ಸೊಸೆ. ಸಂಬಳ ಇಲ್ಲ, ರಜೆ ಇಲ್ಲ, ಬೆನ್ನು ನೋವಿಗೆ ಔಷಧಿಯನ್ನೂ ಅವಳೇ ತಂದುಕೊಳ್ಳಬೇಕು. ಇದನ್ನು ಪ್ರೀತಿ ಎಂದು ಕರೆದು ನೀವು ಕೈ ತೊಳೆದುಕೊಂಡಿದ್ದೀರಿ. ಪ್ರೀತಿ ಇದೆ, ನಿಜ. ಅದು ನಿಮ್ಮ ಪಾಲಿನ ಕೆಲಸವನ್ನು ಮಾಡುತ್ತಿದೆ ಎನ್ನುವುದೂ ನಿಜ.

ನಾವು ಕೇಳುವುದು ಏನೆಂದರೆ, ನೆರವು ಬೇಕಾದವರ ಕೈಗೆ ಅದಕ್ಕಾಗಿ ಹಣ ಬರಬೇಕು. ಯಾರು ಸಹಾಯಕರು, ಎಷ್ಟು ಗಂಟೆಗೆ ಬರಬೇಕು, ಏನು ಮಾಡಬೇಕು ಎಂದು ಅವರೇ ತೀರ್ಮಾನಿಸಬೇಕು. ಇದು ಕನಸೇನೂ ಅಲ್ಲ. ಸ್ವೀಡನ್‌ನಲ್ಲಿ ಆಡೋಲ್ಫ್ ರಾಟ್ಸ್ಕಾ ಮತ್ತು ಅವರ ಸಂಗಾತಿಗಳು ಇದಕ್ಕಾಗಿ ವರ್ಷಗಟ್ಟಲೆ ಕೆಲಸ ಮಾಡಿದರು. 1994ರಿಂದ ಅಲ್ಲಿ ಹೆಚ್ಚು ನೆರವು ಬೇಕಾದವರಿಗೆ ವೈಯಕ್ತಿಕ ಸಹಾಯಕರನ್ನು ಪಡೆಯುವುದು ಕಾನೂನಿನ ಹಕ್ಕು. ಅದಕ್ಕೂ ಮೊದಲು ಅಮೆರಿಕದ ಎಡ್ ರಾಬರ್ಟ್ಸ್ ದಾರಿ ತೋರಿಸಿದ್ದರು. ಹದಿನಾಲ್ಕನೇ ವಯಸ್ಸಿನಲ್ಲಿ ಪೋಲಿಯೊ ಬಂದು ಅವರ ಕುತ್ತಿಗೆಯಿಂದ ಕೆಳಗೆ ಹೆಚ್ಚೇನೂ ಅಲುಗಾಡುತ್ತಿರಲಿಲ್ಲ. ರಾತ್ರಿ ಉಸಿರಾಡಲು ದೊಡ್ಡ ಕಬ್ಬಿಣದ ಯಂತ್ರದೊಳಗೆ ಮಲಗಬೇಕಿತ್ತು. ಇವರು ಕೆಲಸಕ್ಕೆ ಬರುವವರಲ್ಲ, ಖರ್ಚು ಮಾಡಿ ಪ್ರಯೋಜನ ಇಲ್ಲ ಎಂದು ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ ಹೇಳಿತ್ತು. ಅವರು 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. ಆ ಯಂತ್ರಕ್ಕೆ ಹಾಸ್ಟೆಲಿನಲ್ಲಿ ಜಾಗ ಇರಲಿಲ್ಲ, ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ಇದ್ದು ಓದಿದರು. 1972ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ಸ್ವತಂತ್ರ ಬದುಕಿನ ಕೇಂದ್ರವನ್ನು ಕಟ್ಟಿ ಬೆಳೆಸಿದವರಲ್ಲಿ ಅವರು ಮುಖ್ಯರು. 1975ರಲ್ಲಿ ಅದೇ ಪುನರ್ವಸತಿ ಇಲಾಖೆಗೆ ನಿರ್ದೇಶಕರಾದರು.

ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ತಂದೆತಾಯಿ ರಾತ್ರಿ ಮಲಗುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಾರೆ: "ನಾವು ಹೋದ ಮೇಲೆ ಇವನಿಗೆ ಯಾರು?" ಮಗನಿಗೆ ನಲವತ್ತು ವರ್ಷ, ತಾಯಿಗೆ ಎಪ್ಪತ್ತು. ಈ ಪ್ರಶ್ನೆಗೆ ಸಮಾಜ ಇದುವರೆಗೆ ಕೊಟ್ಟಿರುವ ಉತ್ತರ ಎರಡೇ. ತಮ್ಮನೋ ತಂಗಿಯೋ ನೋಡಿಕೊಳ್ಳಲಿ, ಇಲ್ಲವಾದರೆ ಯಾವುದಾದರೂ ದೊಡ್ಡ ಆಶ್ರಮಕ್ಕೆ ಸೇರಿಸಿ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಮೂರನೇ ಉತ್ತರ ಕೊಡುತ್ತದೆ. ಎಲ್ಲರಂತೆ ಊರಿನ ನಡುವೆ, ತನಗೆ ಬೇಕಾದ ಕಡೆ, ಬೇಕಾದವರ ಜೊತೆ ಬದುಕುವ ಹಕ್ಕು, ಅದಕ್ಕೆ ಬೇಕಾದ ನೆರವು. ಅದರ ಹತ್ತೊಂಬತ್ತನೇ ವಿಧಿ ಇದನ್ನೇ ಹೇಳುತ್ತದೆ. ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಮೂರು ನಾಲ್ಕು ಜನ ಇರುವ ಮನೆ, ತರಬೇತಿ ಪಡೆದ ಸಹಾಯಕರು, ಪಕ್ಕದಲ್ಲೇ ಮಾಡಲು ಒಂದು ಕೆಲಸ, ಆಗಾಗ ಬಂದು ವಿಚಾರಿಸುವ ಹೊರಗಿನ ಒಬ್ಬರು. ತಾಯಿ ಬದುಕಿರುವಾಗಲೇ ಮಗ ಅಲ್ಲಿಗೆ ಹೋಗಿ ಬಂದು ಅಭ್ಯಾಸ ಮಾಡಿಕೊಳ್ಳಬೇಕು. ತಾಯಿ ತೀರಿಕೊಂಡ ವಾರದಲ್ಲೇ ಗೊತ್ತಿಲ್ಲದ ಜಾಗಕ್ಕೆ ಒಯ್ದು ಬಿಡುವುದು ಕ್ರೌರ್ಯ.

ಇವರ ಪರವಾಗಿ ಯಾರೋ ಸಹಿ ಹಾಕಿಬಿಡುವುದು ಇನ್ನೊಂದು ದೊಡ್ಡ ವಿಷಯ. ಅದೇ ಒಡಂಬಡಿಕೆಯ ಹನ್ನೆರಡನೇ ವಿಧಿ, ಕಾನೂನಿನ ಮುಂದೆ ಎಲ್ಲರಿಗೂ ಸಮಾನ ಮಾತಿದೆ ಅನ್ನುತ್ತದೆ. ತೀರ್ಮಾನ ತೆಗೆದುಕೊಳ್ಳಲು ಕಷ್ಟವಾದರೆ ನೆರವು ಕೊಡಿ, ತೀರ್ಮಾನವನ್ನೇ ಕಿತ್ತುಕೊಳ್ಳಬೇಡಿ. ಸಣ್ಣ ವಾಕ್ಯಗಳಲ್ಲಿ ಬರೆದ ಅರ್ಜಿ, ಪಕ್ಕದಲ್ಲಿ ಚಿತ್ರ, ಯೋಚಿಸಲು ಸ್ವಲ್ಪ ಸಮಯ, ನಂಬಿಕೆಯ ಒಬ್ಬ ವ್ಯಕ್ತಿ. ಇಷ್ಟಿದ್ದರೆ ಎಷ್ಟೋ ಜನ ತಮಗೇನು ಬೇಕು ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಆಸ್ಪತ್ರೆಗಳಲ್ಲಿ ಕಿವುಡ ಗೆಳೆಯರಿಗೂ ಇದೇ ಆಗುತ್ತದೆ. ಕಾಯಿಲೆ ಇವರದು, ವೈದ್ಯರು ಮಾತಾಡುವುದು ಜೊತೆಗೆ ಬಂದ ತಮ್ಮನ ಹತ್ತಿರ. ಸನ್ನೆ ಭಾಷೆಯ ದುಭಾಷಿ ಇದ್ದಿದ್ದರೆ, ವಿಡಿಯೊ ಕರೆಯಲ್ಲಾದರೂ ಸಿಕ್ಕಿದ್ದರೆ, ತಮ್ಮನ ಮುಂದೆ ಹೇಳಲಾಗದ ಮಾತನ್ನು ವೈದ್ಯರಿಗೆ ಹೇಳಬಹುದಿತ್ತು.

ಅಂಗವೈಕಲ್ಯದ ಸರ್ಟಿಫಿಕೇಟ್ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಕತ್ತರಿಸಿದ ಕಾಲು ಮತ್ತೆ ಬೆಳೆಯುವುದಿಲ್ಲ. ಬದಲಾಗದ ಸ್ಥಿತಿಯನ್ನು ಮತ್ತೆ ಮತ್ತೆ ಸಾಬೀತು ಮಾಡಿಸಬೇಡಿ. ಒಂದು ಕಡೆ ಕೊಟ್ಟ ದಾಖಲೆಯನ್ನು ಇನ್ನೊಂದು ಕಡೆಯವರು ತಾವೇ ನೋಡಿಕೊಳ್ಳಲಿ. ಶೇಕಡಾ ಇಷ್ಟು ಎಂದು ಬರೆದ ಮಾತ್ರಕ್ಕೆ ಆ ವ್ಯಕ್ತಿಗೆ ಏನು ಬೇಕು ಅನ್ನುವುದು ತಿಳಿಯುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಹಣದ ವಿಷಯದಲ್ಲಿ ಒಂದು ವಿಚಿತ್ರ ಬಲೆ ಇದೆ. ಎಷ್ಟೋ ಕಡೆ ಮಾಸಾಶನ ಸಿಗುವುದು ದುಡಿಯದಿದ್ದರೆ ಮಾತ್ರ. ಸಣ್ಣ ಕೆಲಸ ಸಿಕ್ಕಿತು ಎಂದಿಟ್ಟುಕೊಳ್ಳಿ. ಮಾಸಾಶನ ನಿಂತಿತು, ಅದರ ಜೊತೆ ಔಷಧಿ, ಪ್ರಯಾಣದ ರಿಯಾಯಿತಿಯೂ ಹೋಯಿತು. ಕೆಲಸ ಮೂರು ತಿಂಗಳಲ್ಲಿ ಹೋದರೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ಹಾಗಿದ್ದಾಗ ಯಾರು ಧೈರ್ಯ ಮಾಡುತ್ತಾರೆ? ಅಂಗವೈಕಲ್ಯ ಇದ್ದಾಗ ಬದುಕುವ ಖರ್ಚೇ ಜಾಸ್ತಿ. ಬಸ್ಸಿಗೆ ಹತ್ತಲಾಗದೆ ಆಟೊ ಹಿಡಿಯಬೇಕು, ಬ್ಯಾಟರಿ ಬದಲಿಸಬೇಕು, ಸಹಾಯಕರಿಗೆ ಕೊಡಬೇಕು. ಆ ಹೆಚ್ಚಿನ ಖರ್ಚಿಗೆ ಕೊಡುವ ಹಣವನ್ನು ಸಂಬಳದಿಂದ ಬೇರೆ ಇಡಿ. ಸಂಬಳ ಬಂದರೂ ಅದು ನಿಲ್ಲಬಾರದು.

ಸಲಕರಣೆಗಳ ಬಗ್ಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಟ್ಟಿಗೆ ಕೊಟ್ಟ ವರದಿ ಹೇಳುವುದನ್ನು ಗಮನಿಸಿ. ಕನ್ನಡಕ, ಶ್ರವಣ ಸಾಧನ, ವ್ಹೀಲ್‌ಚೇರ್ ಹೀಗೆ ಏನಾದರೊಂದು ಬೇಕಾದವರು ಜಗತ್ತಿನಲ್ಲಿ 250 ಕೋಟಿಗಿಂತ ಹೆಚ್ಚು. ಅದರಲ್ಲಿ ಸುಮಾರು 100 ಕೋಟಿ ಜನರಿಗೆ ಅದು ಸಿಗುತ್ತಿಲ್ಲ. ಸಿಕ್ಕಿದವರಿಗೂ ಸರಿಯಾದದ್ದು ಸಿಕ್ಕಿರುತ್ತದೆ ಎಂದು ಹೇಳಲಾಗದು. ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಿ, ಎಲ್ಲರಿಗೂ ಒಂದೇ ಅಳತೆಯ ಕುರ್ಚಿ ಕೊಟ್ಟು ಫೋಟೊ ತೆಗೆಯುತ್ತಾರೆ. ಅಳತೆ ತಪ್ಪಿದ ಕುರ್ಚಿಯಲ್ಲಿ ಕೂತರೆ ಬೆನ್ನು ಬಾಗುತ್ತದೆ, ಚರ್ಮ ಒತ್ತಿ ಹುಣ್ಣಾಗುತ್ತದೆ. ಆ ಹುಣ್ಣು ಒಳಗಿಳಿದು ನಂಜಾದರೆ ಜೀವವೇ ಹೋಗಬಹುದು. ಕುರ್ಚಿ ಕೊಡುವ ಮೊದಲು ಅಳತೆ ತೆಗೆಯಿರಿ. ಕೊಟ್ಟ ಮೇಲೆ ರಿಪೇರಿ ಎಲ್ಲಿ ಎಂದು ಹೇಳಿ. ಮತ್ತೆ, ಆ ಫೋಟೊ ಬೇಡ.

ಶಾಲೆಯ ಬಗ್ಗೆ ಹೇಳದಿದ್ದರೆ ಪತ್ರ ಪೂರ್ತಿಯಾಗುವುದಿಲ್ಲ. ಇಟಲಿ 1977ರಲ್ಲೇ ಕಾನೂನು ಮಾಡಿ ಪ್ರತ್ಯೇಕ ತರಗತಿಗಳನ್ನು ತೆಗೆದು, ಅಂಗವಿಕಲ ಮಕ್ಕಳನ್ನು ಎಲ್ಲರ ಜೊತೆ ಕೂರಿಸಿತು. ತರಗತಿಗೆ ಹೆಚ್ಚುವರಿ ಶಿಕ್ಷಕರನ್ನೂ ಕೊಟ್ಟಿತು. ಎರಡನೆಯದು ಇಲ್ಲದೆ ಮೊದಲನೆಯದನ್ನು ಮಾತ್ರ ಮಾಡಿದರೆ ಮಗು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಪಾಠದಲ್ಲಿ ಇರುವುದಿಲ್ಲ. ಶಿಕ್ಷಕರನ್ನು ನಾನು ದೂರುತ್ತಿಲ್ಲ. ತರಬೇತಿ ಇಲ್ಲದೆ, ಬ್ರೈಲ್ ಪುಸ್ತಕ ಇಲ್ಲದೆ, ತುಂಬಿದ ತರಗತಿಯಲ್ಲಿ ಅವರೇನು ಮಾಡಿಯಾರು? ಪುಸ್ತಕದ ವಿಷಯದಲ್ಲಿ ನೆಪ ಹೇಳುವ ಹಾಗೂ ಇಲ್ಲ. ಕಣ್ಣು ಕಾಣದವರು ಓದುವ ರೂಪಕ್ಕೆ ಪುಸ್ತಕ ಬದಲಿಸಲು ಹಕ್ಕುಸ್ವಾಮ್ಯ ಅಡ್ಡ ಬರಬಾರದು ಎಂದು 2013ರಲ್ಲಿ ಮೊರಾಕ್ಕೊ ದೇಶದ ಮರಾಕೇಶ್‌ನಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಗಿದೆ. ಅದಕ್ಕೆ ಮೊದಲು ಅನುಮೋದನೆ ಕೊಟ್ಟ ದೇಶ ಭಾರತ.

ಇಷ್ಟೆಲ್ಲ ಓದಿ, ಇದಕ್ಕೆ ಹಣ ಎಲ್ಲಿದೆ ಎಂದು ನೀವು ಕೇಳಬಹುದು. ಹೊಸ ಕಟ್ಟಡದ ನಕ್ಷೆ ಬರೆಯುವಾಗ ಬಾಗಿಲನ್ನು ಅಗಲ ಮಾಡಲು ಹೆಚ್ಚು ಖರ್ಚಿಲ್ಲ. ಕಟ್ಟಿ ಮುಗಿಸಿ ಆಮೇಲೆ ಗೋಡೆ ಒಡೆಯುವುದೇ ದುಬಾರಿ. ಯಾರಿಗೂ ಬಳಸಲಾಗದ ರ್ಯಾಂಪ್, ಕಂಬಕ್ಕೆ ಹೋಗುವ ಪಟ್ಟಿ, ಅಳತೆ ತಪ್ಪಿದ ಕುರ್ಚಿ ಇವುಗಳಿಗೆಲ್ಲ ನೀವು ಹಣ ಕೊಟ್ಟಿದ್ದೀರಿ. ಆ ಹಣವೇ ಸರಿಯಾದ ಕಡೆ ಹೋಗಲಿ ಎಂದು ಮೊದಲು ಕೇಳುತ್ತೇನೆ. ನೆರವಿನ ಹಣದ ಮಾತು ಬೇರೆ. ಅದಕ್ಕೆ ನಿಜವಾಗಿಯೂ ಹೊಸ ಹಣ ಬೇಕು, ವರ್ಷ ವರ್ಷವೂ ಬೇಕು. ಅದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥ ಇಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನಿಮ್ಮ ವ್ಯಾಪ್ತಿಯಲ್ಲಿ ಜನ ಅತಿ ಹೆಚ್ಚು ಓಡಾಡುವ ಒಂದು ದಾರಿ ಆರಿಸಿಕೊಳ್ಳಿ. ಬಸ್ ನಿಲ್ದಾಣದಿಂದ ಆಸ್ಪತ್ರೆಗೆ ಹೋಗುವ ದಾರಿಯೇ ಆಗಲಿ. ಒಬ್ಬ ವ್ಹೀಲ್‌ಚೇರ್ ಬಳಸುವವರು, ಕಣ್ಣು ಕಾಣದ ಒಬ್ಬರು, ಕಿವಿ ಕೇಳದ ಒಬ್ಬರು, ಬೌದ್ಧಿಕ ಅಂಗವೈಕಲ್ಯ ಇರುವ ಒಬ್ಬರು, ಇವರ ಜೊತೆ ನೀವೇ ಆ ದಾರಿಯಲ್ಲಿ ಬನ್ನಿ. ಅವರ ಸಮಯಕ್ಕೆ ಸಂಭಾವನೆ ಕೊಡಿ, ಅದೂ ಒಂದು ಪರಿಣತಿ. ಎಲ್ಲೆಲ್ಲಿ ನಿಲ್ಲಬೇಕಾಯಿತು ಎಂದು ಬರೆದುಕೊಳ್ಳಿ. ಆ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಇಡೀ ದಾರಿಗೆ ಒಬ್ಬ ಅಧಿಕಾರಿಯನ್ನು ನೇಮಿಸಿ. ರಸ್ತೆಯವರಿಗೂ, ಬಸ್ಸಿನವರಿಗೂ, ಆಸ್ಪತ್ರೆಯವರಿಗೂ ಹೇಳಿ ಕೆಲಸ ಮಾಡಿಸುವ ಅಧಿಕಾರ ಅವರಿಗಿರಲಿ. ಕೆಲಸ ಮುಗಿಯಿತು ಎಂದು ಹೇಳುವ ಹಕ್ಕು ಗುತ್ತಿಗೆದಾರರಿಗೆ ಬೇಡ. ಆ ದಾರಿಯಲ್ಲಿ ಮತ್ತೆ ಹೋಗಿ ಬಂದ ಅದೇ ಜನ ಹೇಳಲಿ. ಬಿಲ್ಲಿಗೆ ಅವರ ಸಹಿಯೂ ಬೇಕು ಎಂದು ನಿಯಮ ಮಾಡಿ. ಮೊದಲ ದಾರಿ ಸರಿಯಾದ ಮೇಲೆ ಎರಡನೆಯದಕ್ಕೆ ಹೋಗಿ.

ಇದಕ್ಕೆ ಉತ್ತರ ಬರೆಯುವುದಾದರೆ, ಪತ್ರ ತಲುಪಿದೆ, ಪರಿಶೀಲಿಸುತ್ತೇವೆ ಎಂದು ಬರೆಯಬೇಡಿ. ಯಾವ ದಾರಿ ಆರಿಸಿದಿರಿ, ಅದಕ್ಕೆ ಹೊಣೆ ಯಾರು, ನಮ್ಮ ಜೊತೆ ಆ ದಾರಿಯಲ್ಲಿ ಬರುವುದು ಯಾವ ತಾರೀಕು, ಈ ಮೂರನ್ನು ಬರೆಯಿರಿ. ಅವತ್ತು ನಾವು ಬರುತ್ತೇವೆ.

ಇಂತಿ ನಿಮ್ಮ,
ವ್ಹೀಲ್‌ಚೇರ್ ಬಳಸುವ ಒಬ್ಬ ನಾಗರಿಕ